ಕರಾವಳಿ ಮಳೆಗಾಲಕ್ಕೆ ಯಾವ ಬಟ್ಟೆ ಡೈಪರ್? ಲಂಗೋಟಿ, ಪಾಕೆಟ್, ಆಲ್-ಇನ್-ಒನ್

ಬಟ್ಟೆ ಡೈಪರ್ ಕೊಳ್ಳುವಾಗ ಎಲ್ಲರೂ ಕೇಳುವುದು ಒಂದೇ, ಎಷ್ಟು ಹೊತ್ತು ಸೋರದೆ ತಡೆಯುತ್ತೆ ಅಂತ. ನಮ್ಮ ಕಡೆ ಮೊದಲು ಕೇಳಬೇಕಾದ್ದು, ಎಷ್ಟು ಬೇಗ ಒಣಗುತ್ತೆ? ಕಾರವಾರದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 3000 ಮಿಲಿಮೀಟರ್ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತೆ. ಮಗಳು ಹುಟ್ಟಿದ್ದು ಮೇ ಕೊನೆಗೆ. ಬಾಣಂತನ ಶಿರಸಿಯ ತವರಲ್ಲಿ, ಆಮೇಲೆ ಕಾರವಾರದ ಮನೆ. ಹಾಗಾಗಿ ಮೂರು ಬಗೆಯನ್ನೂ ಮಳೆಯಲ್ಲೇ ಬಳಸಿ ನೋಡಿದೆ.

ಮೊದಲು ಲಂಗೋಟಿ. ಹಳೆ ಕಾಟನ್ ಸೀರೆ, ಅಪ್ಪನ ಪಂಚೆ ಹರಿದು ಆಯಿ ರಾಶಿ ಮಾಡಿಟ್ಟಿದ್ದಳು. ಉದ್ದಕ್ಕೆ ಮಡಚಿ, ಹಿಂದೆ ಮುಂದೆ ಉಡಿದಾರಕ್ಕೆ ಸಿಕ್ಕಿಸಿದರೆ ಆಯ್ತು. ಒಂದು ಸಲ ಉಚ್ಚೆ ಮಾಡಿದರೆ ಬದಲಿಸಲೇಬೇಕು, ಹಾಸಿಗೆಯೂ ಒದ್ದೆ. ಆದರೆ ಬಿಡಿಸಿ ಹರವಿದರೆ ಅದು ಒಂದೇ ಪದರ. ಶಿರಸಿಯಲ್ಲಿ ಬಚ್ಚಲ ಒಲೆ ಮೇಲಿನ ಹಗ್ಗಕ್ಕೆ ಹಾಕಿದರೆ ಬೇಗ ಗರಿಗರಿ. ಕಾರವಾರದಲ್ಲಿ ಒಲೆ ಇಲ್ಲ, ಆದರೂ ರಾತ್ರಿ ಫ್ಯಾನ್ ಕೆಳಗೆ ಹರವಿದ್ದು ಬೆಳಗ್ಗೆ ತಯಾರು. ಒದ್ದೆಯಾದದ್ದು ಕೂಡಲೇ ಗೊತ್ತಾಗುವುದರಿಂದ ತೊಡೆ ಸಂದಿ ಕೆಂಪಾಗುವುದೂ ಕಮ್ಮಿ.

ಪಾಕೆಟ್ ಡೈಪರ್ ಅಂದರೆ ಹೊರಗೊಂದು ಚೀಲ, ಅದರೊಳಗೆ ತುರುಕುವ ಪ್ಯಾಡ್. ಅದನ್ನು ಕಂಡ ಆಯಿ, "ಅದ್ನ ಕಟ್ಟಿರೆ ಕೂಸಿಗೆ ಸೆಕೆ ಆಗ್ತು" ಅಂದಳು. ಹೇಳಿದ್ದು ಸರಿಯೇ. ಹೊರಗಿನದು ನೀರು ಬಿಡದ ಬಟ್ಟೆ, ಗಾಳಿ ಆಡುವುದು ಕಮ್ಮಿ. ಹಗಲಿಗೆ ನನಗೂ ಇಷ್ಟವಾಗಲಿಲ್ಲ. ಆದರೆ ರಾತ್ರಿಗೆ ಇದಕ್ಕಿಂತ ಒಳ್ಳೆಯದು ಕಾಣಲಿಲ್ಲ. ಹೊರಚೀಲ ಮನೆಯೊಳಗಿನ ಹಗ್ಗದಲ್ಲೇ ಒಣಗುತ್ತೆ. ತಕರಾರು ಒಳಗಿನ ಪ್ಯಾಡ್‌ನದ್ದು. ಹೊಲಿದ ದಪ್ಪ ಪ್ಯಾಡ್‌ನ ನಟ್ಟನಡುವೆ ಎರಡು ಬೆರಳಲ್ಲಿ ಚಿವುಟಿ ನೋಡಿ. ಅಂಚು ಒಣಗಿರುತ್ತೆ, ನಡುವೆ ಇನ್ನೂ ತಣ್ಣಗೆ. ಮೈಕ್ರೋಫೈಬರ್, ಅಂದರೆ ಬಲು ಸಣ್ಣ ಕೃತಕ ನೂಲಿನ ಪ್ಯಾಡ್ ಬೇಗ ಹೀರುತ್ತೆ, ಆದರೆ ಮಗು ಕೂತು ಒತ್ತಿದರೆ ನೀರು ಬಿಟ್ಟುಕೊಡುತ್ತೆ. ಅದು ನೇರ ಚರ್ಮಕ್ಕೆ ತಾಗಲೂಬಾರದು, ಚರ್ಮದ ಪಸೆ ಎಳೆದುಬಿಡುತ್ತೆ. ಕಾಟನ್ ನಿಧಾನಕ್ಕೆ ಹೀರಿದರೂ ಹಿಡಿದಿಟ್ಟುಕೊಳ್ಳುತ್ತೆ. ನಾನು ಪ್ಯಾಡ್ ಬದಲು ಅದೇ ಪಂಚೆ ಬಟ್ಟೆಯನ್ನು ಪದರ ಪದರ ಮಡಚಿ ಪಾಕೆಟ್‌ಗೆ ತುರುಕಿದೆ. ಒಗೆದ ಮೇಲೆ ಬಿಡಿಸಿದರೆ ಅದೂ ಲಂಗೋಟಿಯಷ್ಟೇ ಬೇಗ ಒಣಗುತ್ತೆ ಅಲ್ವಾ.

ಆಲ್-ಇನ್-ಒನ್ ಎಲ್ಲ ಸೇರಿಸಿ ಹೊಲಿದದ್ದು. ಯಜಮಾನರಿಗೆ ಇದೇ ಸಲೀಸು, ಹಾಕಿ ಬಟನ್ ಒತ್ತಿದರೆ ಮುಗೀತು. ಜುಲೈಯಲ್ಲಿ ಮಾತ್ರ ಮಾರನೇ ದಿನಕ್ಕೂ ಒಳಪದರ ಹಸಿ, ಮುಗ್ಗುಲು ವಾಸನೆ. ಅಂಥದ್ದನ್ನು ಕೂಸಿಗೆ ಕಟ್ಟಲು ಮನಸ್ಸು ಒಪ್ಪುವುದಿಲ್ಲ. ಮೂರರಲ್ಲಿ ಬೆಲೆಯೂ ಇದಕ್ಕೇ ಜಾಸ್ತಿ. ಡಿಸೆಂಬರ್ ಬಿಸಿಲಿಗೆ ಒಳ್ಳೆಯದೇ, ಮಳೆಗೆ ಬೇಡ.

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ಬಸ್ಸಿನಲ್ಲಿ ಮಾತ್ರ ಅಂಗಡಿಯ ಬಳಸಿ ಬಿಸಾಡುವ ಡೈಪರ್ರೇ ಹಾಕಿದೆ. ಅದನ್ನು ಸುಡಬೇಡಿ, ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಬೇರೆಯಾಗಿ ಕೊಡಿ.

ಒಗೆಯುವುದು ಮೂರಕ್ಕೂ ಹೆಚ್ಚುಕಡಿಮೆ ಒಂದೇ. ಕಕ್ಕ ಮೊದಲು ತಣ್ಣೀರಲ್ಲಿ ತೊಳೆದು ಸಂಡಾಸಿಗೆ ಬಿಡಿ, ಆಮೇಲೆ ಸೋಪು. ಬಟ್ಟೆ ಮೆತ್ತಗೆ ಮಾಡುವ ಘಮಘಮ ದ್ರಾವಣ ಬೇಡವೇ ಬೇಡ, ಅದು ನೂಲಿಗೆ ಅಂಟಿ ಹೀರುವ ಗುಣ ಕೆಡಿಸುತ್ತೆ. ರ್‍ಯಾಶ್ ಕ್ರೀಮಿನ ಜಿಡ್ಡೂ ಹಾಗೆಯೇ. ಪಾಕೆಟ್‌ನ ಹೊರಚೀಲವನ್ನು ಬಚ್ಚಲ ಒಲೆಯ ಬಿಸಿಗೆ ಒಡ್ಡಬೇಡಿ, ಒಳಗಿನ ಪ್ಲಾಸ್ಟಿಕ್ ಲೇಪ ಬಿಟ್ಟುಕೊಳ್ಳುತ್ತೆ, ಇಲಾಸ್ಟಿಕ್ ಸಡಿಲಾಗುತ್ತೆ.

ಬಸುರಿ ಇರುವಾಗಲೇ ಪಾಕೆಟ್ ಸೆಟ್ ತರಿಸುವವರಿಗೆ ಒಂದು ಮಾತು. ಎಲ್ಲ ವಯಸ್ಸಿಗೂ ಒಂದೇ ಅಳತೆ ಅಂತ ಮಾರುವುದು ಹಸುಗೂಸಿನ ಸಣ್ಣ ತೊಡೆಗೆ ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ಸೋರುತ್ತೆ. ಆ ಮೊದಲ ತಿಂಗಳುಗಳಿಗೆ ಲಂಗೋಟಿಯೇ ಸಾಕು. ಸುಮ್ನೆ ಒಂದೇ ಒಂದು ಪಾಕೆಟ್ ತಂದು ಹಾಕಿ ನೋಡಿ, ಕೂಸಿಗೆ ಹಿಡಿಸಿದರೆ ಉಳಿದದ್ದು ತರಿಸಿ.