ಕಾರಿನ ಹಳೇ ಟೇಪ್ ತೆಗೆಸುವ ಮುಂಚೆ ಇದನ್ನು ಓದಿ

ವಿಜಯಪುರದವರು, ಸುತ್ತಲಿನ ಊರಿನವರು ಯಾರಾದರೂ ಕಾರಿನ ಕಂಪನಿ ಸ್ಟೀರಿಯೋ ತೆಗೆಸಿ ಆಂಡ್ರಾಯ್ಡ್ ಸ್ಕ್ರೀನ್ ಹಾಕಿಸಬೇಕು ಅಂತಿದ್ದರೆ ದಯವಿಟ್ಟು ಎರಡು ನಿಮಿಷ ಕೊಡಿ. ಫಿಟ್ಟಿಂಗ್ ಮಾಡುವವರು ಕೈಗೆ ಕಟರ್ ತೆಗೆದುಕೊಂಡರೆ ಅಲ್ಲೇ ತಡೆಯಿರಿ. ಡ್ಯಾಶ್‌ಬೋರ್ಡ್ ಹಿಂದಿನ ಕಂಪನಿ ಸಾಕೆಟ್ ಕತ್ತರಿಸಲು ಬಿಡಬೇಡಿ. ನಾನು ಬಿಟ್ಟೆ. ಮೂರು ತಿಂಗಳಿಗೆ ನಿಡಗುಂದಿ ಹತ್ತಿರ ಹೆದ್ದಾರಿ ಬದಿಯಲ್ಲಿ, ಹೊಗೆ ತುಂಬಿದ ಕಾರಿನಿಂದ ಅವ್ವನನ್ನೂ ಇಬ್ಬರು ಮಕ್ಕಳನ್ನೂ ಎಳೆದು ಇಳಿಸಬೇಕಾಯಿತು.

ನಮ್ಮದು 2013ರ ಪೆಟ್ರೋಲ್ ಸ್ವಿಫ್ಟ್. ಗಾಡಿ ಚೆನ್ನಾಗಿದೆ, ಮಾರುವ ಮನಸ್ಸಿಲ್ಲ. ಕಂಪನಿ ಸೆಟ್‌ನಲ್ಲಿ ಸಿಡಿ, ಯುಎಸ್‌ಬಿ, ರೇಡಿಯೋ ಇತ್ತು. ಬ್ಲೂಟೂತ್ ಇರಲಿಲ್ಲ. ಮ್ಯಾಪ್ ನೋಡಬೇಕು ಅಂದ್ರೆ ಫೋನ್ ತೊಡೆ ಮೇಲೆ ಇಟ್ಟುಕೊಳ್ಳಬೇಕು. ನಮ್ಮ ಓಣಿಯಲ್ಲಿ ಸಣ್ಣ ಮಕ್ಕಳು ಜಾಸ್ತಿ, ಹಿಂದೆ ಕ್ಯಾಮೆರಾ ಇದ್ದರೆ ಒಳ್ಳೇದು ಅನ್ನಿಸಿತ್ತು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಮುಗಿದ ಮರುವಾರ ಸಿಟಿಯ ಒಂದು ಅಂಗಡಿಗೆ ಹೋದೆ. 9 ಇಂಚಿನ ಸ್ಕ್ರೀನ್, ಅದರ ಫ್ರೇಮ್, ಕ್ಯಾಮೆರಾ, ಫಿಟ್ಟಿಂಗ್ ಎಲ್ಲಾ ಸೇರಿ 9,500 ರೂಪಾಯಿ. ಹಳೇ ಸೆಟ್ ಕೊಟ್ಟರೆ 500 ಕಡಿಮೆ. ಕೊಟ್ಟುಬಿಟ್ಟೆ. ಅದು ನಾನು ಮಾಡಿದ ಮೊದಲ ತಪ್ಪು.

ಫಿಟ್ ಮಾಡಲು ಬಂದವನು ಇಪ್ಪತ್ತರ ಹುಡುಗ. ಹಳೇ ಸೆಟ್ ಹೊರಗೆ ಎಳೆದ. ಅದರ ಹಿಂದೆ ಬಿಳಿ ಸಾಕೆಟ್‌ನಲ್ಲಿ ಹತ್ತಾರು ವೈರ್ ಇದ್ದವು. ಹೊಸ ಸೆಟ್‌ನ ಪಿನ್ನು ಅದಕ್ಕೆ ಕೂರಲಿಲ್ಲ. ನಡುವೆ ಹಾಕುವ ಕಪ್ಲರ್ ಅಂಗಡಿಯಲ್ಲಿ ಇರಲಿಲ್ಲ. ಹುಡುಗ ಕಟರ್ ತೆಗೆದು ಸಾಕೆಟ್ಟನ್ನೇ ಕತ್ತರಿಸಿದ. ಒಂದೊಂದೇ ವೈರ್ ಹಲ್ಲಿನಲ್ಲಿ ಸುಲಿದು, ತಿರುಚಿ, ಮೇಲೆ ಕರಿ ಟೇಪ್ ಸುತ್ತಿದ. ನನಗೆ ಆಗಲೇ ಎದೆ ಧಸಕ್ಕೆಂದಿತ್ತು. ಕೇಳಿದೆ. "ಏನೂ ಆಗಂಗಿಲ್ರಿ ಸರ, ದಿನಾ ಹತ್ತ್ ಗಾಡಿ ಹಿಂಗ ಮಾಡ್ತೀವಿ" ಅಂದ. ಸುಮ್ಮನಾದೆ.

ಮನೆಗೆ ತಂದ ದಿನ ಮಕ್ಕಳಿಗೆ ಬಹಳ ಖುಷಿ. ಎರಡೇ ದಿನಕ್ಕೆ ಅಪ್ಪ ಕೇಳಿದರು, "ಧಾರವಾಡ ಸ್ಟೇಷನ್ ಎಲ್ಲಿ ಹೋತೋ?" ಅಪ್ಪ ಮೊದಲಿಂದಲೂ ಧಾರವಾಡ ಆಕಾಶವಾಣಿ ಕೇಳುವವರು. ಅದು 765 ಕಿಲೋಹರ್ಟ್ಸ್, ಮೀಡಿಯಂ ವೇವ್, ಅಂದರೆ ಎಎಂನಲ್ಲಿ ಬರುವುದು. ಹಳೇ ಸೆಟ್‌ನಲ್ಲಿ ಎಎಂ ಇತ್ತು. ಹೊಸದರಲ್ಲಿ ಎಫ್‌ಎಂ ಮಾತ್ರ. ಕಡಿಮೆ ಬೆಲೆಯ ಸ್ಕ್ರೀನ್‌ಗಳಲ್ಲಿ ಹೀಗೆ ಎಎಂ ಇಲ್ಲದಿರುವುದು ಸಾಮಾನ್ಯವಂತೆ, ನನಗೆ ಗೊತ್ತಿರಲಿಲ್ಲ. ಎಫ್‌ಎಂ ಆದರೂ ಸರಿಯಾಗಿ ಬಂತಾ ಅಂದರೆ ಅದೂ ಇಲ್ಲ. ನಮ್ಮೂರ ಆಕಾಶವಾಣಿ 101.8 ಊರೊಳಗೇ ಗೊರಗೊರ ಅನ್ನುತ್ತಿತ್ತು. ಏರಿಯಲ್‌ಗೆ ಕರೆಂಟ್ ಕೊಡುವ ನೀಲಿ ವೈರನ್ನು ಎಲ್ಲಿಗೂ ಜೋಡಿಸದೇ ಬಿಟ್ಟಿದ್ದ ಅಂತ ಆಮೇಲೆ ತಿಳಿಯಿತು.

ರೇಡಿಯೋ ಹೋದರೆ ಹೋಗಲಿ, ಬ್ಯಾಟರಿ ಕೂಡ ಕೈಕೊಟ್ಟಿತು. ಮೂರು ದಿನ ಗಾಡಿ ತೆಗೆಯದಿದ್ದರೆ ನಾಲ್ಕನೇ ದಿನ ಸ್ಟಾರ್ಟ್ ಆಗುತ್ತಿರಲಿಲ್ಲ. ಕೀ ತಿರುಗಿಸಿದರೆ ಟಕ್ ಟಕ್ ಅಷ್ಟೇ. ಎರಡು ಸಲ ಪಕ್ಕದ ಮನೆಯವರ ಗಾಡಿಯಿಂದ ಕೇಬಲ್ ಹಾಕಿ ಎಬ್ಬಿಸಿದೆವು. ಅಂಗಡಿಗೆ ಹೋದರೆ "ಬ್ಯಾಟರಿ ಹಳೇದ್ ಆಗೇತ್ರಿ" ಅಂದರು. ನಂಬಿ 4,300 ರೂಪಾಯಿ ಕೊಟ್ಟು ಹೊಸ 35 ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ ಹಾಕಿಸಿದೆ. ಎರಡು ವಾರದಲ್ಲಿ ಅದೂ ಮಲಗಿತು.

ಕಾರಣ ಇಷ್ಟೇ. ಸೆಟ್‌ಗೆ ಎರಡು ಕಡೆಯಿಂದ ಕರೆಂಟ್ ಬರಬೇಕು. ಹಳದಿ ವೈರ್ ಯಾವಾಗಲೂ ಬ್ಯಾಟರಿಗೆ ಸೇರಿರುತ್ತದೆ. ಗಡಿಯಾರ, ಸೆಟ್ಟಿಂಗ್ ಮರೆತುಹೋಗದಂತೆ ಸ್ವಲ್ಪೇ ಸ್ವಲ್ಪ ಕರೆಂಟ್ ಕೊಡುವುದು ಅದು. ಕೆಂಪು ವೈರ್‌ನಲ್ಲಿ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ಕೀ ತೆಗೆದರೆ ಸೆಟ್ ಮಲಗಬೇಕು ಅಂತ ಹೇಳುವುದೇ ಈ ಕೆಂಪು ವೈರ್. ಹುಡುಗನಿಗೆ ನಮ್ಮ ಗಾಡಿಯಲ್ಲಿ ಕೀಗೆ ಬರುವ ವೈರ್ ಯಾವುದು ಅಂತ ಸಿಗಲಿಲ್ಲವೋ, ಹುಡುಕುವ ತಾಳ್ಮೆ ಇರಲಿಲ್ಲವೋ, ಕೆಂಪು ಹಳದಿ ಎರಡನ್ನೂ ಒಟ್ಟಿಗೆ ತಿರುಚಿ ಬ್ಯಾಟರಿ ಲೈನ್‌ಗೇ ಸೇರಿಸಿದ್ದ. ಸ್ಕ್ರೀನ್ ಕಪ್ಪಗೆ ಕಾಣುತ್ತಿತ್ತು, ಒಳಗೆ ಅದು ಎಚ್ಚರವಾಗಿಯೇ ಇತ್ತು.

ಆಮೇಲೆ ಮೀಟರ್ ಇಟ್ಟು ಅಳೆದಾಗ ಕೀ ತೆಗೆದ ಮೇಲೂ 380 ಮಿಲಿ ಆಂಪಿಯರ್ ಎಳೆಯುತ್ತಿತ್ತು. ಸರಿಯಾಗಿರುವ ಕಾರು ನಿಂತಾಗ ಸಾಮಾನ್ಯವಾಗಿ 50ಕ್ಕಿಂತ ಕಡಿಮೆ ಎಳೆಯುತ್ತದೆ. 380 ಅಂದರೆ ದಿನಕ್ಕೆ ಒಂಬತ್ತು ಆಂಪಿಯರ್ ಅವರ್. 35ರ ಬ್ಯಾಟರಿ ಮೂರು ದಿನದಲ್ಲಿ 27 ಕಳೆದುಕೊಂಡರೆ ಎಂಜಿನ್ ತಿರುಗಿಸಲು ಅದರಲ್ಲಿ ಏನು ಉಳಿಯುತ್ತದೆ ಹೇಳಿ? ಹೊಸ ಬ್ಯಾಟರಿಯನ್ನು ಹೀಗೆ ಪೂರ್ತಿ ಖಾಲಿ ಮಾಡಿ ಮಾಡಿ ಅದರ ಆಯಸ್ಸನ್ನೂ ನಾನೇ ಕಡಿಮೆ ಮಾಡಿದೆ.

ಇದೆಲ್ಲ ದುಡ್ಡಿನ ಮಾತು. ಮುಂದಿನದು ಜೀವದ ಮಾತು.

ಮಾರ್ಚ್ ಕೊನೆಗೆ ಒಂದು ದಿನ ಸ್ಕ್ರೀನ್, ಒಳಗಿನ ಲೈಟ್ ಎರಡೂ ಒಟ್ಟಿಗೆ ಹೋದವು. ಫ್ಯೂಸ್ ಸುಟ್ಟಿತ್ತು. ಮತ್ತೆ ಅದೇ ಅಂಗಡಿ. ಹುಡುಗ ನೀಲಿ ಫ್ಯೂಸ್ ಕಿತ್ತು ಹಸಿರು ಫ್ಯೂಸ್ ಹಾಕಿದ. "ಅದು ವೀಕ್ ಇತ್ರಿ, ಹೆವೀದ ಹಾಕೇನಿ, ಇನ್ನ ಹೋಗಂಗಿಲ್ಲ" ಅಂದ. ದುಡ್ಡು ಕೂಡ ತೆಗೆದುಕೊಳ್ಳಲಿಲ್ಲ. ಒಳ್ಳೆಯವರು ಅಂದುಕೊಂಡು ಮನೆಗೆ ಬಂದೆ. ನೀಲಿ ಅಂದರೆ 15 ಆಂಪಿಯರ್, ಹಸಿರು ಅಂದರೆ 30. ಆ ಬಣ್ಣಗಳ ಅರ್ಥ ಅವತ್ತು ನನಗೆ ಗೊತ್ತಿದ್ದರೆ ಅಲ್ಲೇ ಕೀ ಕಿತ್ತುಕೊಂಡು ಬರುತ್ತಿದ್ದೆ.

ಏಪ್ರಿಲ್‌ನಲ್ಲಿ ಅವ್ವನಿಗೆ ಕೂಡಲಸಂಗಮ ನೋಡುವ ಆಸೆ. ಬೆಳಿಗ್ಗೆ ಹೋದೆವು. ಮಧ್ಯಾಹ್ನ ಗಾಡಿ ಬಿಸಿಲಲ್ಲೇ ನಿಂತಿತ್ತು. ನಮ್ಮ ಕಡೆ ಆ ತಿಂಗಳ ಬಿಸಿಲು ಗೊತ್ತಲ್ಲ, ಹೊರಗೇ 40 ಡಿಗ್ರಿ. ಗಾಜು ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಲು ಆಗುವುದಿಲ್ಲ. ಆ ಕಾವಿಗೆ ಕರಿ ಟೇಪಿನ ಅಂಟು ಕರಗಿ ಜಾರುತ್ತದೆ. ವಾಪಸ್ ಬರುವಾಗ ಕೃಷ್ಣೆಯ ಸೇತುವೆ ದಾಟಿದ ಮೇಲೆ ಏನೋ ಪ್ಲಾಸ್ಟಿಕ್ ಸುಟ್ಟ ವಾಸನೆ. ಹೊರಗಿನದಿರಬೇಕು ಅಂದುಕೊಂಡೆ. ನಿಡಗುಂದಿ ಹತ್ತಿರ ಬರುವಷ್ಟರಲ್ಲಿ ಎಸಿ ಜಾಲರಿಯಿಂದ ಬಿಳಿ ಹೊಗೆ ಬಂತು. "ಯಪ್ಪಾ, ಗಾಡಿ ನಿಂದ್ರಸೋ!" ಅಂತ ಅವ್ವ ಕಿರುಚಿದಳು.

ಎಲ್ಲರನ್ನೂ ಇಳಿಸಿ ದೂರ ಕಳಿಸಿದೆ. ಕೀ ತೆಗೆದರೂ ಹೊಗೆ ನಿಲ್ಲಲಿಲ್ಲ, ಯಾಕಂದ್ರೆ ಆ ಲೈನ್ ಕೀ ಮಾತು ಕೇಳುವುದೇ ಇಲ್ಲ. ಬಾನೆಟ್ ಎತ್ತಿದರೆ ಬ್ಯಾಟರಿ ನಟ್ ಬಿಚ್ಚಲು ಪಾನಾ ಇರಲಿಲ್ಲ. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರ್ ಅಣ್ಣ ನಿಲ್ಲಿಸಿ, ತನ್ನ ಹತ್ತಿರದ 10 ನಂಬರ್ ಪಾನಾದಿಂದ ನೆಗೆಟಿವ್ ಬಿಚ್ಚಿದ. ಆಗ ಹೊಗೆ ನಿಂತಿತು. ಅವನ ಹೆಸರೂ ಕೇಳಲಿಲ್ಲ ನಾನು, ಕೈಕಾಲು ನಡುಗುತ್ತಿದ್ದವು. ಈಗ 10ರ ಪಾನಾ ನನ್ನ ಡೋರ್ ಪಾಕೆಟ್‌ನಲ್ಲೇ ಇರುತ್ತದೆ. ನೀವೂ ಇಟ್ಟುಕೊಳ್ಳಿ.

ಗಾಡಿಯನ್ನು ಎಳೆಸಿಕೊಂಡು ವಿಜಯಪುರಕ್ಕೆ ತಂದು, ಪರಿಚಯದ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ ಕಾಕಾ ಹತ್ತಿರ ಬಿಟ್ಟೆ. ಅವರು ಸ್ಕ್ರೀನ್ ಎಳೆದು ತೋರಿಸಿದರು. ಟೇಪ್ ಜಾರಿದ ಹಳದಿ ವೈರ್ ಕಬ್ಬಿಣದ ಪಟ್ಟಿಗೆ ತಾಗಿತ್ತು. ಅದರ ಮೇಲಿನ ಪ್ಲಾಸ್ಟಿಕ್ ಒಂದು ಮೊಳ ಕರಗಿ ಪಕ್ಕದ ನಾಲ್ಕು ವೈರ್‌ಗೆ ಅಂಟಿತ್ತು. ಮೊದಲ ಸಲ ಫ್ಯೂಸ್ ಹೋಗಿದ್ದೂ ಇದೇ ಕಾರಣಕ್ಕೆ. ಕರೆಂಟ್ ಮಿತಿ ಮೀರಿದರೆ ತಾನು ಸುಟ್ಟು ಲೈನ್ ಕಡಿಯುವುದೇ ಫ್ಯೂಸ್ ಕೆಲಸ. ಅಂದರೆ ಆ ಫ್ಯೂಸ್ ತನ್ನ ಕೆಲಸ ಸರಿಯಾಗಿ ಮಾಡಿತ್ತು. ಕಾಕಾ ಹಸಿರು ಫ್ಯೂಸ್ ಕೈಯಲ್ಲಿ ಹಿಡಿದು ಕೇಳಿದರು: "ತಮ್ಮಾ, ಎರಡು ರೂಪಾಯಿ ಫ್ಯೂಜ್ ಸುಡಬೇಕೋ, ಗಾಡಿ ಸುಡಬೇಕೋ?" ತೆಳು ವೈರ್‌ಗೆ 30ರ ಫ್ಯೂಸ್ ಹಾಕಿದರೆ ಫ್ಯೂಸ್ ಹೋಗುವ ಮುಂಚೆ ವೈರೇ ಹೊತ್ತಿಕೊಳ್ಳುತ್ತದೆ.

ಸುಟ್ಟ ವೈರ್ ಬದಲಿಸಿ, ಗುಜರಿಯಿಂದ ಅದೇ ಮಾಡೆಲ್‌ನ ಬಿಳಿ ಸಾಕೆಟ್ ತಂದು, ಒಂದೊಂದೇ ವೈರ್ ಬೆಸುಗೆ ಹಾಕಿ ಕೂರಿಸಲು ಕಾಕಾಗೆ ಎರಡು ದಿನ ಬೇಕಾಯಿತು. 6,000 ಖರ್ಚು. ಸರಿಯಾದ ಕಪ್ಲರ್ ಆನ್‌ಲೈನ್‌ನಲ್ಲಿ ಸಿಕ್ಕಿತು, ಬೆಲೆ ಬರೀ 450. ಕಾರಿನ ಸಾಕೆಟ್ ಒಂದು ಬದಿ, ಸೆಟ್‌ನ ಪಿನ್ ಇನ್ನೊಂದು ಬದಿ, ಒಂದು ವೈರ್ ಕೂಡ ಕತ್ತರಿಸಬೇಕಾಗಿಲ್ಲ. ಬೇಡ ಅನ್ನಿಸಿದ ದಿನ ಕಿತ್ತು ಹಳೇ ಸೆಟ್ ಹಾಕಬಹುದು. ಆದರೆ ನನ್ನ ಹಳೇ ಸೆಟ್ 500ಕ್ಕೆ ಹೋಗಿ ಆಗಿತ್ತು. ವಾಪಸ್ ಕೇಳಿದರೆ "ಅದು ಎಂದೋ ಹೋತ್ರಿ" ಅಂದರು.

ದೂರು ಕೊಡಲೂ ನೋಡಿದೆ. ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, ಎರಡು ವರ್ಷದೊಳಗೆ ಹೋಗಬೇಕು, ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಆದರೆ ನನ್ನ ಕೈಯಲ್ಲಿದ್ದದ್ದು ಅಂಗಡಿ ಹೆಸರೇ ಇಲ್ಲದ ಚೀಟಿ. ಯುಪಿಐ ದುಡ್ಡು ಹೋಗಿದ್ದು ಯಾರದೋ ಸ್ವಂತ ನಂಬರಿಗೆ. ಅಂಗಡಿಯವರು "ನಾವು ಹಾಕಿದ್ದಲ್ಲ" ಅಂದರೆ ನಾನು ಏನು ತೋರಿಸಲಿ? ಅದಕ್ಕೇ ಹೇಳುವುದು, ಜಿಎಸ್‌ಟಿ ನಂಬರ್ ಇರುವ ಬಿಲ್ ಕೊಡುತ್ತೀರಾ ಅಂತ ಮೊದಲೇ ಕೇಳಿ. ಅದರಲ್ಲಿ ಸೆಟ್ ಮಾಡೆಲ್, ಫಿಟ್ಟಿಂಗ್ ಎರಡೂ ಬರೆಸಿ. ಇನ್ನೂ ವಾರಂಟಿಯಲ್ಲಿರುವ ಹೊಸ ಗಾಡಿಯವರು ಇನ್ನೂ ಹುಷಾರಾಗಿರಿ. ವೈರ್ ಕತ್ತರಿಸಿದ್ದು ಕಂಡರೆ ಎಲೆಕ್ಟ್ರಿಕಲ್ ವಾರಂಟಿ ಕೊಡಲು ಶೋರೂಮಿನವರು ಒಪ್ಪದಿರಬಹುದು.

ಡಬ್ಬಿ ಮೇಲಿನ ನಂಬರ್ ಬಗ್ಗೆಯೂ ಒಂದು ಮಾತು. "50 ವ್ಯಾಟ್ ಇಂಟು 4" ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಒಂದು ಕ್ಷಣದ ಗರಿಷ್ಠ ಲೆಕ್ಕ. ಬೇರೆ ಆಂಪ್ಲಿಫೈಯರ್ ಇಲ್ಲದ ಸೆಟ್ ಒಂದೊಂದು ಸ್ಪೀಕರ್‌ಗೆ ನಿಜವಾಗಿ ಕೊಡುವುದು ಸುಮಾರು 20 ವ್ಯಾಟ್ ಅಷ್ಟೇ. ಹೊಸ ಸ್ಕ್ರೀನ್ ಹಾಕಿದೊಡನೆ ಧ್ವನಿ ಬದಲಾಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಈಗಾಗಲೇ ಹಾಕಿಸಿದವರು ಇವತ್ತೇ ಒಂದು ಕೆಲಸ ಮಾಡಿ. ಫ್ಯೂಸ್ ಪೆಟ್ಟಿಗೆ ಮುಚ್ಚಳ ತೆಗೆಯಿರಿ. ರೇಡಿಯೋ ಅಂತ ಬರೆದ ಜಾಗದಲ್ಲಿ ಎಷ್ಟು ಆಂಪಿಯರ್ ಇರಬೇಕು ಅಂತ ಮುಚ್ಚಳದ ಮೇಲೆ ಅಥವಾ ಗಾಡಿ ಪುಸ್ತಕದಲ್ಲಿ ಇರುತ್ತದೆ. ಫ್ಯೂಸ್ ತಲೆ ಮೇಲಿನ ನಂಬರ್ ಅದಕ್ಕೆ ಹೊಂದುತ್ತದಾ ನೋಡಿ. ಜಾಸ್ತಿ ನಂಬರ್ ಕಂಡರೆ ಅದನ್ನು ಕಿತ್ತು ಜೇಬಲ್ಲಿಟ್ಟುಕೊಳ್ಳಿ, ಸ್ಕ್ರೀನ್ ಎರಡು ದಿನ ಬಂದ್ ಇದ್ದರೂ ಪರವಾಗಿಲ್ಲ. ಆಮೇಲೆ ಒಳ್ಳೆ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಸೆಟ್ ಹೊರಗೆಳೆಸಿ, ಹಿಂದೆ ಕಪ್ಲರ್ ಇದೆಯೋ ಕರಿ ಟೇಪ್ ಇದೆಯೋ ಕಣ್ಣಾರೆ ನೋಡಿಕೊಂಡು ಬನ್ನಿ.