ಹವಳದ ತೊಟ್ಟಿಗೆ ಕಡಲ ನೀರೋ, ಪ್ಯಾಕೆಟ್ ಉಪ್ಪೋ?

40 ಲೀಟರಿನ ಪುಟ್ಟ ಹವಳದ ಅಕ್ವೇರಿಯಂ ಇಡಲು ಹೊರಟ ಕಾರವಾರದವರಿಗೆ ಮೊದಲು ಹೊಳೆಯುವುದು ಎದುರಿನ ಕಡಲೇ. ನೀರು ಪುಕ್ಕಟೆ, ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲೇ ಇವೆ. ಆದರೆ ಎಲ್ಲಿಂದ, ಯಾವಾಗ ತುಂಬಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹವಳಕ್ಕೆ ಲೀಟರಿಗೆ ಸುಮಾರು 35 ಗ್ರಾಂ ಲವಣ ಬೇಕು. ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು, ಕೆಸರು ಸೇರಿ ದಡದ ನೀರು ಸಪ್ಪೆಯಾಗುತ್ತದೆ. ಆಗ ಅದು ಬೇಡವೇ ಬೇಡ. ಬಂದರಿನ ಬಳಿಯ ನೀರಂತೂ ಯಾವ ಕಾಲಕ್ಕೂ ಬೇಡ, ಅಲ್ಲಿ ದೋಣಿಗಳ ಡೀಸೆಲ್ ಬೆರೆತಿರುತ್ತದೆ. ಬೇಸಿಗೆಯಲ್ಲಿ ದಡದಿಂದ ದೂರದ ತಿಳಿನೀರು ತರಿಸಿ, ಸೋಸಿ, ಲವಣ ಅಳೆದು ಬಳಸಬಹುದು.

ಕಡಲ ತೊಟ್ಟಿಗೆಂದೇ ತಯಾರಿಸಿ ಪ್ಯಾಕೆಟ್‌ನಲ್ಲಿ ಮಾರುವ ಅಕ್ವೇರಿಯಂ ಉಪ್ಪಿಗೆ (ಮರೀನ್ ಸಾಲ್ಟ್ ಮಿಕ್ಸ್) ದುಡ್ಡು ಬೇಕು, ಗುಣ ಮಾತ್ರ ವರ್ಷವಿಡೀ ಒಂದೇ. ವಾರಕ್ಕೆ 4 ಲೀಟರ್ ನೀರು ಬದಲಿಸಲು ಸುಮಾರು 150 ಗ್ರಾಂ ಸಾಕು. ಅದನ್ನು ಆರ್‌ಒ ನೀರಿಗೇ ಬೆರೆಸಿ. ಸಾಣಿಕಟ್ಟಾದ ಉಪ್ಪು ಊಟಕ್ಕೆ ಎಷ್ಟೇ ರುಚಿಯಾದರೂ ಹವಳಕ್ಕೆ ಹೊಂದದು.

ಶಿರಸಿಯವರು ಘಟ್ಟ ಹತ್ತಿಸಿ ಕ್ಯಾನ್ ಹೊರುವ ಬದಲು ಉಪ್ಪನ್ನೇ ಆರಿಸಿಕೊಳ್ಳಿ. ಕಾರವಾರದಲ್ಲೂ ಹೊಸಬರಿಗೆ ನನ್ನ ಸಲಹೆ ಅದೇ. ಎರಡರಲ್ಲಿ ಯಾವುದಾದರೂ, ಆವಿಯಾದಷ್ಟು ನೀರನ್ನು ಉಪ್ಪಿಲ್ಲದ ಆರ್‌ಒ ನೀರಿನಿಂದಲೇ ತುಂಬಬೇಕು. ನೇತ್ರಾಣಿ ದ್ವೀಪದ ಹವಳಕ್ಕಂತೂ ಕೈ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.