ಕೋನಿಕಲ್ ಫ್ಲಾಸ್ಕೋ, ಬೀಕರೋ: ಲ್ಯಾಬಿಗೆ ಯಾವುದು ಹೆಚ್ಚು ಬೇಕು?

ಯಾದಗಿರಿ, ಕಲಬುರಗಿ ಕಡೆಯ ಪಿಯು ಕಾಲೇಜಿನ ಲ್ಯಾಬಿಗೆ ಗಾಜಿನ ಸಾಮಾನು ತರಿಸುವವರ ಹತ್ತಿರ ದುಡ್ಡು ಕಮ್ಮಿ ಇದ್ದರೆ, ಬೀಕರ್ ಕಡಿಮೆ ಮಾಡಿ ಕೋನಿಕಲ್ ಫ್ಲಾಸ್ಕ್ (ತಳ ಅಗಲ, ಕತ್ತು ಕಿರಿದಾದ ಶಂಕುವಿನಾಕಾರದ ಪಾತ್ರೆ) ಹೆಚ್ಚು ತರಿಸಲಿ. ಕಾರಣ ಟೈಟ್ರೇಷನ್, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಬಣ್ಣ ಬದಲಾಗುವವರೆಗೆ ಹನಿಹನಿಯಾಗಿ ಸೇರಿಸಿ ಅಳೆಯುವ ಪ್ರಯೋಗ.

ಬೋರ್‌ವೆಲ್ ನೀರಿನ ಗಡಸುತನವನ್ನೇ ತಗೊಳ್ಳಿ. ಎಡಗೈ ಬ್ಯೂರೆಟ್ಟಿನ (ಅಳತೆಯ ಗೆರೆಗಳಿರುವ ಉದ್ದ ಗಾಜಿನ ಕೊಳವೆ) ತಿರುಪಿನ ಮೇಲೆ, ಬಲಗೈಯಲ್ಲಿ ಫ್ಲಾಸ್ಕಿನ ಕತ್ತು. ಗಡಸುತನ ಅಳೆಯಲು ಬಳಸುವ ಇಡಿಟಿಎ ದ್ರಾವಣ ಹನಿಹನಿಯಾಗಿ ಬೀಳುವಾಗ ಫ್ಲಾಸ್ಕನ್ನು ಸುತ್ತಿಸುತ್ತಲೇ ಇರಬೇಕು. ನೀರಿಗೆ ಹಾಕಿದ ಸೂಚಕದ ವೈನ್ ಕೆಂಪು ಬಣ್ಣ ಹೋಗಿ ನೀಲಿ ಬರುವ ಆ ಒಂದು ಹನಿ ತಪ್ಪಬಾರದು. ಗೋಡೆ ಒಳಕ್ಕೆ ವಾಲಿರುವುದರಿಂದ ದ್ರವ ಚೆಲ್ಲದೆ ಒಳಗೇ ಸುತ್ತುತ್ತದೆ. 1860ರ ಸುಮಾರಿಗೆ ಜರ್ಮನಿಯ ರಸಾಯನಶಾಸ್ತ್ರಜ್ಞ ಎಮಿಲ್ ಎರ್ಲೆನ್‌ಮೈಯರ್ ಕೊಟ್ಟ ಈ ಆಕಾರ ಇವತ್ತಿಗೂ ಬದಲಾಗಿಲ್ಲ, ಅಷ್ಟು ಸರಿಯಾಗಿದೆ. ಬೀಕರಿನಲ್ಲಾದರೆ ಗಾಜಿನ ಕಡ್ಡಿಯಿಂದ ಕಲಕುತ್ತ ಕೂರಬೇಕು. ನಮ್ಮ ಏಪ್ರಿಲ್ ಬಿಸಿಲಲ್ಲಿ ಫ್ಲಾಸ್ಕಿನ ಕಿರಿದಾದ ಬಾಯಿಯಿಂದ ಆವಿಯೂ ಕಮ್ಮಿ ಹೋಗುತ್ತದೆ.

ಉಪ್ಪು ಕರಗಿಸಲು, ಸುರಿಯಲು, ತಳದ ಗಸಿ ಕೆರೆದು ತೆಗೆಯಲು ಮಾತ್ರ ಬೀಕರೇ ಸೈ.

ಎರಡರ ಮೇಲಿನ ಗೆರೆಗಳೂ ಅಂದಾಜಿನವು, ಶೇ. 5ರಷ್ಟು ಹೆಚ್ಚುಕಮ್ಮಿ ಇರುತ್ತವೆ. ಖಚಿತ ಸಾಂದ್ರತೆಯ ದ್ರಾವಣಕ್ಕೆ ಕತ್ತಿನ ಮೇಲೆ ಒಂದೇ ಖಚಿತ ಗೆರೆ ಇರುವ ವಾಲ್ಯುಮೆಟ್ರಿಕ್ ಫ್ಲಾಸ್ಕ್ ಬೇಕೇ ಬೇಕು.

ಕೋನಿಕಲ್ ಫ್ಲಾಸ್ಕ್ 250 ಮಿ.ಲೀ.ದ್ದು, ಬಿಸಿಗೆ ಸುಲಭವಾಗಿ ಒಡೆಯದ ಬೊರೊಸಿಲಿಕೇಟ್ ಗಾಜಿನದು ತಗೊಳ್ಳಿ. ಬಿರಡೆ ಹಾಕಿ ಯಾವತ್ತೂ ಕಾಯಿಸಬೇಡಿ.